ನಿಂತೇ ಉಣ್ಣುವವಳು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಾ ಇನ್ನೂರು ಜನರಿಗೆ ಬೇಯಿಸಿ ಬಡಿಸುವ ಅಡುಗೆಯವಳಿಗೆ, ಮನೆಯಲ್ಲಿ ಒಂದು ನಾಯಿಮರಿಯ ಹೊಟ್ಟೆ ತುಂಬಿಸಲಾಗಲಿಲ್ಲವೆಂದರೆ ಯಾರು ನಂಬುತ್ತಾರೆ? ಮೆತ್ತಗಿನ ಅನ್ನ, ಬೇಯಿಸಿದ ಕೋಳಿ, ಕುಂಬಳಕಾಯಿ, ಎಲ್ಲ ಆಯಿತು. ಮರಿ ಎರಡು ತುತ್ತು ತಿನ್ನುವುದು, ಅವಳು ಅತ್ತಿತ್ತ ಸರಿದರೆ ಹಿಂದೆಯೇ ಓಡುವುದು, ಮತ್ತೆ ಬಂದು ಗಬಗಬ ನುಂಗಿ ಅಷ್ಟನ್ನೂ ಕಕ್ಕುವುದು.

ಪಶುವೈದ್ಯರು ಮರಿಯ ಹೊಟ್ಟೆ ಒತ್ತಿ ನೋಡಿದರು. "ಸೂಕ್ಷ್ಮದ ಹೊಟ್ಟೆ, ಸ್ವಲ್ಪ ಸ್ವಲ್ಪವೇ ಹಾಕಿ. ಅದು ತಿನ್ನೋವಾಗ ನೀವೇನು ಮಾಡ್ತಿರ್ತೀರಿ?"

"ಕೂರೋಕೆ ಎಲ್ಲಿ ಪುರುಸೊತ್ತು ಡಾಕ್ಟ್ರೇ? ನನ್ನ ಊಟಾನೂ ನಿಂತೇ ಆಗುತ್ತೆ."

"ನಿಮ್ಮ ಓಡಾಟಕ್ಕೇ ಅದು ಕಂಗಾಲಾಗಿದೆ. ಅದರ ಜೊತೆ ಕೂತು ಉಣ್ಣಿ."

ಮಾರನೆಯ ಬೆಳಿಗ್ಗೆ ಗೊಣಗುತ್ತಲೇ ತಟ್ಟೆ ಹಿಡಿದು ನೆಲದ ಮೇಲೆ ಕೂತಳು. ಕಾಲು ಏಳಲು ತವಕಿಸುತ್ತಿತ್ತು, ಕಣ್ಣು ಒಲೆಯ ಮೇಲಿನ ಹಾಲಿನಲ್ಲೇ ಇತ್ತು. ಏಳಲು ಹೊರಟವಳು, ಮರಿ ಬಟ್ಟಲು ಬಿಟ್ಟು ತಲೆಯೆತ್ತಿದ್ದನ್ನು ಕಂಡು ಮತ್ತೆ ಕೂತಳು. ಹಾಲು ಉಕ್ಕಿ ಚೆಲ್ಲಿತು. ಮರಿ ಬಟ್ಟಲು ನೆಕ್ಕಿ ಮುಗಿಸಿತು.

ಓಡಿಬಂದು ಒಲೆ ಆರಿಸಿದ ಮಗಳು ಹಾಗೇ ನಿಂತುಬಿಟ್ಟಳು. "ಅಮ್ಮಾ, ನೀನು ಕೂತು ಉಣ್ಣೋದನ್ನ ಇವತ್ತೇ ನೋಡ್ತಿರೋದು ನಾನು!"

"ಕಿರುಚಬೇಡ್ವೇ, ಅದಕ್ಕೆ ಗಾಬರಿಯಾಗುತ್ತೆ," ಎಂದು ಗದರಿದ ತಾಯಿ, ಸ್ವಲ್ಪ ಸರಿದು ಮಗಳಿಗೂ ಜಾಗ ಮಾಡಿದಳು.