ಹನ್ನೊಂದು ಗಂಟೆಯ ಗಂಜಿ

ಎಪ್ಪತ್ತರ ದಶಕದ ಆರಂಭದಲ್ಲಿ ಭಾಂಡುಪ್‌ನ ಗುಡ್ಡದ ಬುಡದ ನಮ್ಮ ಝೋಪಡಪಟ್ಟಿಗೆ, ಆ ಗುಡಿಸಲುಗಳ ಸಾಲಿಗೆ, ಬಾಲವಾಡಿ ಬಂತು. ಹಾಲಿನ ಪುಡಿ, ಗೋಧಿ ನುಚ್ಚು, ಬೆಲ್ಲ ಹಾಕಿ ಕುದಿಸಿದ ಗಂಜಿಯನ್ನು ಸಣ್ಣ ಮಕ್ಕಳಿಗೂ ಮೊಲೆಯೂಡಿಸುವ ತಾಯಂದಿರಿಗೂ ಅಲ್ಲಿ ಕೊಡುತ್ತಿದ್ದರು. ಮನೆಗೆ ಒಯ್ಯುವಂತಿಲ್ಲ. ತಾಯಿಯೇ ಕೂಸನ್ನು ತಂದು ಅಲ್ಲೇ ಕುಳಿತು ಉಣ್ಣಬೇಕು, ಅದೂ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ನನ್ನ ಅವ್ವ ಹತ್ತಿರದ ಹೊಸ ಬಿಲ್ಡಿಂಗಿನ ಮೂರನೇ ಮಾಳಿಗೆಗೆ ಇಟ್ಟಿಗೆ ಹೊರುತ್ತಿರುತ್ತಿದ್ದಳು.

ನನ್ನ ತಂಗಿಗೆ ಒಂದೂವರೆ ವರ್ಷ. ಹೊಟ್ಟೆಗೆ ಸಾಲದೆ ಕೂದಲು ಕೆಂಚಗಾಗಿತ್ತು, ಕೂಡಿಸಿದಲ್ಲಿಂದ ಅಲುಗುತ್ತಿರಲಿಲ್ಲ. ಒಂಬತ್ತು ವರ್ಷದ ನಾನೇ ಅವಳನ್ನು ಸೊಂಟದ ಮೇಲೆ ಹೊತ್ತು ಹೋದೆ. ಬಾಲವಾಡಿ ನಡೆಸುತ್ತಿದ್ದ ಟೀಚರ್‌ಬಾಯಿ ಬಾಗಿಲಲ್ಲೇ ತಡೆದು, "ಆಯೀಲಾ ಘೇವೂನ್ ಯೇ" ಎಂದರು, ತಾಯಿಯನ್ನು ಕರೆದುಕೊಂಡು ಬಾ ಎಂದು. ಒಳಗಿನಿಂದ ಬೆಲ್ಲದ ವಾಸನೆ ಬರುತ್ತಿತ್ತು. ತಂಗಿ ಅಳಲೂ ಇಲ್ಲ.

ಸಂಜೆ ಅವ್ವನಿಗೆ ಹೇಳಿದೆ. ಮರುದಿನ ಹನ್ನೊಂದಕ್ಕೆ ಸರಿಯಾಗಿ ತಲೆಯ ಸಿಂಬಿಯನ್ನೂ ತೆಗೆಯದೆ ಕೆಲಸದಿಂದ ಇಳಿದು ಬಂದಳು. ಹಿಂದೆ ಇನ್ನೂ ಐದು ಹೆಂಗಸರು, ಎಲ್ಲರ ಕಂಕುಳಲ್ಲೂ ಕೂಸು; ನಮ್ಮ ತಂಗಿ ನನ್ನ ಸೊಂಟದ ಮೇಲಿದ್ದಳು. ಹೋದವರು ತಿರುಗಿ ಬರಬೇಡಿ ಎಂದು ಕೂಲಿಯವರ ಮೇಲ್ವಿಚಾರಕ ಮುಕಾದಮ ಕೂಗಿದ್ದನಂತೆ. ಸಿಮೆಂಟ್ ಮೆತ್ತಿದ ಸೀರೆಗಳಲ್ಲೇ ಆರೂ ಜನ ಉಂಡರು, ಕೂಸುಗಳಿಗೂ ಉಣಿಸಿದರು. ಉಂಡ ಮೇಲೆ ಯಾರೂ ಏಳಲಿಲ್ಲ.

ಅವ್ವನಿಗೆ ಮರಾಠಿ ಬಾರದು; ಮರಾಠಿ ಶಾಲೆಗೆ ಹೋಗುತ್ತಿದ್ದ ನಾನೇ ದುಭಾಷಿ.

"ನಾಳಿಂದ ಮುಂಜಾನೆ ಏಳಕ್ಕ ಕೊಡ್ರಿ ಅಂತ ಹೇಳು," ಎಂದಳು ಅವ್ವ.

ಹನ್ನೊಂದು ಎನ್ನುವುದು ನಿಯಮ, ತಾನೇನು ಮಾಡಲಿ ಎಂದರು ಟೀಚರ್‌ಬಾಯಿ.

"ನಮ್ಮ ಕೂಸಿನ ಹೊಟ್ಟಿ ನಿಮ್ಮ ಗಡಿಯಾರ ನೋಡಿ ಹಸಿತದೇನು? ಕೇಳು ಆಕಿನ್ನ."

ನನಗೆ ಅಂಜಿಕೆಯಾಯಿತು. ಅವ್ವ ಕೈಮುಗಿದು ಕೇಳುತ್ತಿದ್ದಾಳೆ ಎಂದು ಮರಾಠಿಯಲ್ಲಿ ಮೆತ್ತಗೆ ತಿರುಗಿಸಿದೆ. ಟೀಚರ್‌ಬಾಯಿಯ ಮುಖ ಸಡಿಲವಾದದ್ದು ಕಂಡು ಅವ್ವನಿಗೆ ಸಂಶಯ ಬಂತು.

"ಏನ್ ಹೇಳಿದಿ? ನಾ ಬೇಡ್ಲಿಕ್ಕೆ ಬಂದಿಲ್ಲ. ಅಂದದ್ದನ್ನ ಅಂದಂಗ ಹೇಳು!"

ಅಂದದ್ದನ್ನು ಅಂದಂತೆಯೇ ಹೇಳಿದೆ. ಟೀಚರ್‌ಬಾಯಿ ಆ ಕೂಸುಗಳತ್ತ ನೋಡಿದರು. "ಏಳಕ್ಕೆ ನಾನು ಬರಬಲ್ಲೆ. ಆದರೆ ಅಷ್ಟು ಬೇಗ ಒಲೆ ಹಚ್ಚುವವರು ಯಾರು?" ಎಂದರು.

"ನಾ ಹಚ್ಚತೀನಿ," ಎಂದಳು ಅವ್ವ.

ಮುಕಾದಮ ಆರೂ ಜನರನ್ನು ಎಂಟು ದಿನ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಆ ಎಂಟು ದಿನ ನಮಗೆ ಮನೆಯಲ್ಲಿ ಒಂದೇ ಹೊತ್ತಿನ ರೊಟ್ಟಿ. ಒಂಬತ್ತನೆಯ ದಿನ ಸ್ಲ್ಯಾಬ್ ಹಾಕಲು ಆಳು ಸಾಲದೆ ಅವನೇ ಕರೆಕಳಿಸಿದ. ಬೆಳಗಿನ ಗಂಜಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. ದೀಪಾವಳಿಯ ಹೊತ್ತಿಗೆ ತಂಗಿ ಗೋಡೆ ಹಿಡಿದು ನಡೆದಳು.

ಆಮೇಲೊಂದು ಬೆಳಿಗ್ಗೆ ಬಾಲವಾಡಿ ನೋಡಲು ಸಾಹೇಬರೊಬ್ಬರು ಕ್ಯಾಮೆರಾದವನೊಂದಿಗೆ ಬಂದರು. ಉಣ್ಣುತ್ತಿದ್ದ ಅವ್ವನಿಗೆ, ತಾಟು ಕೆಳಗಿಟ್ಟು ಸಾಹೇಬರಿಗೆ ಕೈಮುಗಿ, ಫೋಟೋ ಬೇಕು ಎಂದ ಕ್ಯಾಮೆರಾದವನು.

"ಉಣ್ಣೂಮುಂದ ನಾ ಯಾರಿಗೂ ಕೈ ಮುಗಿಯಂಗಿಲ್ಲ."

ಈ ಸಲ ನಾನು ಒಂದಕ್ಷರವನ್ನೂ ಮೆತ್ತಗೆ ಮಾಡಲಿಲ್ಲ. ಸಾಹೇಬರು ಬೇರೆ ಕಡೆ ನೋಡಿದರು. ಅವ್ವ ತಾಟನ್ನು ಬೆರಳಿನಿಂದ ಬಳಿದು ಉಂಡು, ನಿಧಾನವಾಗಿ ಕೈ ತೊಳೆದು ಕೆಲಸಕ್ಕೆ ಹೋದಳು.