ಮೂರನೆಯ ಸಲ ತಂದ ಮೀನು

ಮೀನು ಸಾಕುವುದರಲ್ಲಿ ನಾನೇ ಎಡವಿದೆ ಎಂದು ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಮ್ಮದು ಬೀಳಗಿ ಕಡೆಯ ಹಳ್ಳಿ. ಅಣೆಕಟ್ಟಿನ ಹಿನ್ನೀರಿಗೆ ಊರು ಹೋದ ಮೇಲೆ ಬನಹಟ್ಟಿಗೆ ಬಂದು ಪಾವರ್‌ಲೂಮಿಗೆ ಸೇರಿದೆ. ಪಕ್ಕದ ಮಗ್ಗದವನೇ ಕೆಲಸ ಕಲಿಸಿದ, ಗೆಳೆಯನೂ ಆದ. ಚಹಾ, ತಂಬಾಕು, ಹರಟೆ ಎಲ್ಲ ಅವನ ಜೊತೆಗೇ. ಕೆಲವು ವರ್ಷಗಳ ನಂತರ ಅವನ ಹಳೆಯ ಮನೆಯನ್ನು ನಾನೇ ಕೊಂಡೆ. ಹಿತ್ತಲಿನಲ್ಲಿ ಹೊಸದಾಗಿ ಸಿಮೆಂಟಿನ ಗಿಲಾವು ಮಾಡಿ ಸುಣ್ಣ ಬಳಿದ ದೊಡ್ಡ ತೊಟ್ಟಿಯಿತ್ತು. "ಕುಡಿಯೂ ನೀರಿಗಂತ ನಮ್ಮಪ್ಪ ಕಟ್ಟಿಸಿದ್ದು" ಎಂದಿದ್ದ. ಉಳಿದಂತೆ ಎಲ್ಲೆಡೆ ಫರಸಿಕಲ್ಲು, ಹಿಡಿ ಮಣ್ಣಿಲ್ಲ.

ಅವ್ವನಿಗೆ ಅದೇ ಕೊರಗು. ಮೈಯಲ್ಲಿ ರಕ್ತ ಕಡಿಮೆ, ದಿನಾ ಸೊಪ್ಪು ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರು. ಅವಳು ಸಂತೆಯ ಸೊಪ್ಪನ್ನು ಮುಟ್ಟುತ್ತಿರಲಿಲ್ಲ. "ಗಟಾರದ ನೀರಾಗ ಬೆಳದದ್ದು, ಒಯ್ದು ಎಮ್ಮಿಗೆ ಹಾಕು" ಎನ್ನುತ್ತಿದ್ದಳು. ಆಗ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ತೊಟ್ಟಿಯಲ್ಲಿ ಮೀನು, ಅದರ ಮೇಲೆ ಹರಳುಕಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಗಿಡ. ಮೀನಿನ ಹೊಲಸೇ ಗಿಡಕ್ಕೆ ಗೊಬ್ಬರ, ಗಿಡ ಸೋಸಿದ ನೀರು ಮರಳಿ ಮೀನಿಗೆ. ಮಣ್ಣೇ ಬೇಡ! ಗೆಳೆಯನಿಗೆ ಹೇಳಿದೆ. ಅವನು ಬಾಯಿಯ ತಂಬಾಕು ಉಗಿದು ಬಂದು, "ಆತು, ಮಾಡು" ಎಂದ.

ನಾವು ಮೀನು ತಿನ್ನುವವರಲ್ಲ. ಅವ್ವ ಒಂದೇ ಮಾತು ಹೇಳಿದಳು: "ಬೇಕಾದ್ರ ಸಾಕು. ನನ್ನ ಸಲುವಾಗಿ ಜೀವ ಸತ್ತೂವು ಅಂದ್ರ ಆ ಪಲ್ಲೆ ನಾ ಬಾಯಾಗ ಇಡೂದಿಲ್ಲ."

ಯಾವ ಮೀನು ಎಂತಹದು ಎಂದು ನನಗೇನು ಗೊತ್ತು? ಕದ್ದುಮುಚ್ಚಿ ಧಾಬಾದಲ್ಲಿ ಮೀನು ತಿನ್ನುತ್ತಿದ್ದ ಗೆಳೆಯನೇ ನನಗೆ ಪಂಡಿತ. "ಕಾಟ್ಲಾ ತಗೋಳಲೇ, ಬಡಾಬಡಾ ಬೆಳೀತಾವು" ಎಂದ. ಮರಿಗಳನ್ನು ತಂದು ಬಿಟ್ಟೆವು. ನಾಲ್ಕೇ ದಿನಕ್ಕೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಅವ್ವ ಅವನ್ನು ಊರ ಹೊರಗೆ ಹೂಳಿಸಿ, ತಲೆಯ ಮೇಲೆ ನೀರು ಹಾಕಿಕೊಂಡು, ಆ ದಿನ ಊಟ ಮಾಡಲಿಲ್ಲ.

"ಕಾಟ್ಲಾ ಭಾಳ ನಾಜೂಕ. ಜಿಲೇಬಿ ಮೀನ ತಾ, ಅದಕ್ಕ ಎಂಥಾ ನೀರಾದ್ರೂ ನಡೀತೈತಿ" ಎಂದ. ಜಿಲೇಬಿ ಒಂದು ತಿಂಗಳು ತಾಳಿತು, ಆಮೇಲೆ ಅದೂ ತೇಲಿತು. ಅವ್ವ ಮತ್ತೆ ಉಪವಾಸ. ಕಲ್ಲಿನ ಪೆಟ್ಟಿಗೆಗಳಲ್ಲಿ ಹಾಕಿದ್ದ ಪಾಲಕ್ ಮೊಳಕೆ ಒಡೆದಿದ್ದರೂ ಅವಳು ಅತ್ತ ತಿರುಗಿ ನೋಡಲಿಲ್ಲ. ನಾನು ಕೈ ಬಿಡುವುದರಲ್ಲಿದ್ದೆ. ಅವನೇ ಭುಜ ತಟ್ಟಿ, "ಈ ಸಲ ಮಾಗೂರ ಬಿಡೋಣು. ಮೀಸಿ ಇರೂ ಮೀನ. ಗಟಾರದಾಗ ಹಾಕಿದ್ರೂ ಸಾಯಂಗಿಲ್ಲ ಮಗಾ ಅದು" ಎಂದ.

ಮಾಗೂರ ಸಾಯಲಿಲ್ಲ. ಪಾಲಕ್ ಅಂಗೈಯಗಲ ಎಲೆ ಬಿಟ್ಟಿತು. ಒಂದೂ ಜೀವ ಹೋಗಲಿಲ್ಲವೆಂದು ಅವ್ವ ಖುಷಿಯಿಂದ ದಿನವೂ ತಿಂದಳು. ತಿನ್ನುವ ಮೊದಲು, ನಾನು ಮಗ್ಗದಿಂದ ತಂದ ಕೆಂಪು ನೂಲಿನ ತುಣುಕಿನಿಂದ ಒಂದು ಕಟ್ಟು ಕಟ್ಟಿ ಗೆಳೆಯನ ಮನೆಗೆ ಕಳಿಸುತ್ತಿದ್ದಳು. ಕೈ ಹಚ್ಚಿದವನಿಗೆ ಮೊದಲ ಪಾಲು ಹೋಗಬೇಕು, ಅದು ಅವಳ ಪದ್ಧತಿ. ಅವನು ನಗುತ್ತಾ ತೆಗೆದುಕೊಳ್ಳುತ್ತಿದ್ದ.

ಹೀಗೇ ನಾಲ್ಕು ತಿಂಗಳು ನಡೆಯಿತು. ಒಂದು ದಿನ ಗಿಡಗಳಿಗೆ ನೀರೆತ್ತುವ ಪಂಪು ಕಟ್ಟಿಕೊಂಡಿತು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ ಬರಿದು ಮಾಡಿ ತಿಕ್ಕತೊಡಗಿದೆ. ಗಿಲಾವು ಹಪ್ಪಳದಂತೆ ಎದ್ದು ಬಂತು. ಒಳಗಿನ ಗೋಡೆಯೆಲ್ಲ ಕಡುಗೆಂಪು. ಒದ್ದೆ ಕೈ ಇಟ್ಟರೆ ಅಂಗೈಗೂ ಬಣ್ಣ. ಓಣಿಯಲ್ಲಿ ಹೋಗುತ್ತಿದ್ದ ಬಣ್ಣಗಾರ ಅಜ್ಜನನ್ನು ಕರೆದು ತೋರಿಸಿದೆ.

"ಇದು ನೂಲಿಗೆ ಬಣ್ಣ ಹಾಕೂ ಟಾಕಿ ಅಲ್ಲೇನೋ ತಮ್ಮಾ. ಕಾಸ್ಟಿಕ್ಕು, ಬಣ್ಣ ಕುಡದ ಕುಡದ ಗೋಡಿ ಹಿಂಗಾಗೇತಿ. ಅವರಪ್ಪನ ಜೋಡಿ ನಿನಗ ಮನಿ ಮಾರಿದ ಆ ಮಗಾನೂ ತೊಡಿಮಟಾ ಇಳದ ನೂಲ ತುಳೀತಿದ್ದ" ಎಂದ.

ಕಾಟ್ಲಾ, ಜಿಲೇಬಿ, ಮಾಗೂರ. ಒಂದಕ್ಕಿಂತ ಒಂದು ಗಟ್ಟಿ. ಅವನು ಗಿಡಕ್ಕೆ ಹೊಂದುವ ಮೀನು ಹುಡುಕುತ್ತಿರಲಿಲ್ಲ, ಆ ವಿಷದಲ್ಲಿ ಬದುಕುವ ಮೀನು ಹುಡುಕುತ್ತಿದ್ದ.

ಹಾಗೇ ಒದ್ದೆ ಬಟ್ಟೆಯಲ್ಲಿ ಅವನ ಮನೆಗೆ ಹೋದೆ. ಅವನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ. ನನ್ನ ಕೈಯ ಬಣ್ಣ ನೋಡಿ ತಲೆ ತಗ್ಗಿಸಿದ.

"ಮೊದಲ ಹೇಳಿದ್ರ ನೀ ಮನಿ ತಗೋತಿದ್ದೇನು?"

"ಮನಿ ಹಾಳಾಗ್ಲಿ! ನಮ್ಮವ್ವಗ ತಿನಿಸಿದ್ಯಲ್ಲೋ!"

"ಏನಾಗಂಗಿಲ್ಲ ಬಿಡೋ. ದಿನಾ ನಾವೂ ತಿಂದೇವಿ."

ಅವನ ಬೆನ್ನ ಹಿಂದೆ ತಿಪ್ಪೆಯಿತ್ತು. ಅದರ ಮೇಲೆ ಬಾಡಿದ, ಒಣಗಿದ, ಕೊಳೆತ ಪಾಲಕ್ ಕಟ್ಟುಗಳು. ಒಂದರದೂ ಕೆಂಪು ನೂಲು ಬಿಚ್ಚಿರಲಿಲ್ಲ.

ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. "ಬಂದ್ಯಾ? ಪಾಪ, ಆ ಹುಡುಗಗ ಇವತ್ತ ಎರಡ ಸೂಡ ಕಟ್ಟೇನಿ ನೋಡು" ಎಂದಳು. ಎರಡೂ ಕಟ್ಟುಗಳನ್ನು ಅವಳ ಕೈಯಿಂದ ಕಸಿದುಕೊಂಡೆ.