ಕೆಳಗೆ ಲೇತು, ಮೇಲೆ ಭಾವಮೈದುನ

ಲೇತಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಕಾರ್ಖಾನೆಯಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಅವನ ಕಬ್ಬಿಣ ಕಡೆಯುವ ಸಿಎನ್‌ಸಿ ಲೇತಿಗೂ ಅವನಿಗೂ ಒಂದೇ ವಯಸ್ಸು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದರ ನೆನಪಿನಲ್ಲಿ, ಏನನ್ನು ಹೇಗೆ ಕಡೆಯಬೇಕೆಂದು ಹೇಳುವ ಒಂದೇ ಒಂದು ಪ್ರೋಗ್ರಾಂಗೆ ಜಾಗ. ಕೆಲಸ ಬದಲಾದಾಗಲೆಲ್ಲ ಹಳೆಯದನ್ನು ಅಳಿಸಿ, ಹೊಸದನ್ನು ಮಹಡಿಯ ಆಫೀಸಿನಲ್ಲಿರುವ ಕಂಪ್ಯೂಟರಿನಿಂದ ಉದ್ದನೆಯ ಕೇಬಲ್ಲಿನಲ್ಲಿ ಇಳಿಸಬೇಕು. ಮೊದಲು ಕೆಳಗೆ ಮಿಷನ್ನಿನಲ್ಲಿ "ಓದು" ಗುಂಡಿ, ಆಮೇಲೆ ಮೇಲೆ "ಕಳಿಸು" ಗುಂಡಿ. ಹಿಂದುಮುಂದಾದರೆ ಮೊದಲ ಸಾಲುಗಳು ದಾರಿಯಲ್ಲೇ ಕಳೆದುಹೋಗಿ ಎಲ್ಲ ನೀರಿನಲ್ಲಿ ಹೋಮ. ತಡವಾದರೂ ಕಷ್ಟ, ಲೇತು ಕಾದು ಕಾದು ಮುನಿಸಿಕೊಂಡು ಕೆಂಪು ದೀಪ ಹಾಕಿ ಕೂತುಬಿಡುತ್ತಿತ್ತು.

ಅದು ಇಬ್ಬರ ಕೆಲಸ. ಮೇಲೆ ಕೂರುವವನು ಆಫೀಸಿನ ಗುಮಾಸ್ತ, ಲೇತಪ್ಪನ ಹೆಂಡತಿಯ ತಮ್ಮ. ಮೊದಲೆಲ್ಲ ಕೆಳಗಿನಿಂದ ಒಂದು ಕೂಗು ಹಾಕಿದರೆ ಸಾಕಿತ್ತು. ಈಗ ಮಾತಿಲ್ಲ ಕತೆಯಿಲ್ಲ. ಹೋದ ವರ್ಷ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಆ ಪುಣ್ಯಾತ್ಮ, "ನಮ್ಮ ಭಾವನೂ ಅವರ ಮಿಷನ್ನೂ ಒಂದೇ ಥರ. ಹೊಸದೇನಾದ್ರೂ ತಲೆಗೆ ಹೋಗಬೇಕಂದ್ರೆ ಹಳೇದನ್ನ ಪೂರ್ತಿ ಅಳಿಸಬೇಕು" ಅಂದುಬಿಟ್ಟ. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಅಂದಿನಿಂದ ಲೇತಪ್ಪ ಕೂಗುವುದನ್ನು ಬಿಟ್ಟ. ಕೆಳಗೆ ಗುಂಡಿ ಒತ್ತಿ, ಕಬ್ಬಿಣದ ಮೆಟ್ಟಿಲು ಹತ್ತಿ, ತಾನೇ ಕಳಿಸಿ ಇಳಿಯುತ್ತಿದ್ದ. ಭಾವಮೈದುನ ಬೇಕಾದ ಫೈಲನ್ನು ತೆರೆದಿಟ್ಟು, ಕುರ್ಚಿ ಬಿಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಕತ್ತೆ ಹಟ, ಇನ್ನೇನು! ಬಾತ ಮಂಡಿಗೆ ಎಣ್ಣೆ ತಿಕ್ಕುತ್ತ ಹೆಂಡತಿ, ಅವನನ್ನು ಒಂದು ಮಾತು ಕೇಳಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ದಿನಾ ಗೊಣಗುತ್ತಿದ್ದಳು.

ಆ ದಿನ ಬೆಳಿಗ್ಗೆ ಯಜಮಾನರು ಗುಜರಿಯವನನ್ನೇ ಕರೆತಂದು ಲೇತಿನ ಪಕ್ಕ ನಿಲ್ಲಿಸಿದರು. ಪಂಪಿನ ಶಾಫ್ಟುಗಳು ಇವತ್ತೇ ಆಗಬೇಕು, ಇನ್ನೊಂದು ಸಲ ಕೆಂಪು ದೀಪ ಬಂದರೆ ಇದು ಇವನ ಲಾರಿಗೆ ಎಂದರು. ಲೇತು ಹೋದರೆ ತಾನೂ ಹೋದಂತೆಯೇ. ಈ ವಯಸ್ಸಿನಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ? ಲೇತಪ್ಪ "ಓದು" ಒತ್ತಿ ಹೊರಟ. ಅರ್ಧ ಹತ್ತುವಷ್ಟರಲ್ಲಿ ಬಲಮಂಡಿ ಹಿಡಿದುಕೊಂಡಿತು. ಮೆಟ್ಟಿಲ ಮೇಲೇ ಕುಸಿದು ಕೂತ. ಸಾಕಪ್ಪಾ ಸಾಕು, ಇದೂ ಒಂದು ಬಾಳೇ ಅನ್ನಿಸಿತು. ಕೂಗಿದರೆ ಮರ್ಯಾದೆ ಹೋಗುತ್ತದೆ, ಕೂಗದಿದ್ದರೆ ಅನ್ನವೇ ಹೋಗುತ್ತದೆ. ಮೆಟ್ಟಿಲ ಕಂಬಿ ಹಿಡಿದು ಮೇಲಕ್ಕೆ ಕೂಗಿದ.

"ಕಳಿಸಪ್ಪಾ."

"ಆಗಲೇ ಕಳಿಸಿದೀನಿ ಭಾವ," ಮೇಲಿನಿಂದ ಉತ್ತರ ಬಂತು. "ನಿಮ್ಮ ಹೆಜ್ಜೆ ಸದ್ದು ನಿಂತ್ಹೋಯ್ತಲ್ಲ."

ಲೇತಪ್ಪ ಕಂಬಿಯ ಸಂದಿಯಿಂದ ಇಣುಕಿದ. ಲೇತಿನ ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲು ಸಾಲಾಗಿ ಇಳಿಯುತ್ತಿದ್ದವು. ಗುಜರಿಯವನು ಬೀಡಿ ಆರಿಸಿ ಹೊರಗೆ ನಡೆದ. ಹಾಗಾದರೆ ಒಂದು ವರ್ಷದಿಂದಲೂ ಭಾವಮೈದುನ ಮೇಲೆ ತನ್ನ ಹೆಜ್ಜೆಗೆ ಕಿವಿಗೊಟ್ಟುಕೊಂಡೇ ಕೂತಿದ್ದಾನೆ. ಲೇತಪ್ಪನಿಗೆ ನಾಚಿಕೆಯಾಯಿತು. ಏಳಲು ನೋಡಿದ, ಆಗಲಿಲ್ಲ.

"ಒಂಚೂರು ಬಂದು ಎಬ್ಬಿಸೋ," ಎಂದ.

ಮೇಲೆ ಕುರ್ಚಿ ಸರಿದ ಸದ್ದಾಯಿತು.